ಕ್ಯಾಂಪರ್ ಟ್ಯಾಂಕಿನ ವಾಸನೆ ಮತ್ತು ಬೋರ್ ನೀರು

ಮಳೆಗಾಲವೆಲ್ಲ ನಿಂತಿದ್ದ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳೋ ಪ್ರವಾಸದ ಗಾಡಿ ಕ್ಯಾಂಪರ್‌ನ 100 ಲೀಟರ್ ನೀರಿನ ಟ್ಯಾಂಕ್ ವಾಸನೆ ಬರ್ತಿದೆ, ತೊಳೆದು ಗಂಗಾವತಿಯಲ್ಲಿ ಬೋರ್ ನೀರು ತುಂಬಿಸಿಕೊಂಡು ಆನೆಗೊಂದಿ ಕಡೆ ಹೊರಡಬಹುದಾ ಅಂತ ಕೇಳಿದ್ದೀರಿ. ಹೊರಡಬಹುದು, ಆದರೆ ಆ ನೀರು ಕುಡಿಯೋಕೆ ಬೇಡ.

ಮೊದಲು ಹಳೇ ನೀರು ಪೂರ್ತಿ ಖಾಲಿ ಮಾಡಿ, ಫಿಲ್ಟರ್ ಬಿಚ್ಚಿಡಿ. ಸುವಾಸನೆ ಬೆರೆಸದ 5% ಸೋಡಿಯಂ ಹೈಪೋಕ್ಲೋರೈಟ್ (ದ್ರವ ಬ್ಲೀಚ್) 100 ಮಿಲಿ ಸಾಕು. ತಾರೀಖು ನೋಡಿ ತಗೊಳ್ಳಿ, ನಮ್ಮ ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ. ಒಂದು ಬಕೆಟ್ ನೀರಿಗೆ ಬೆರೆಸಿ ಸುರಿದು, ಟ್ಯಾಂಕ್ ತುಂಬಿಸಿ. ಆಮೇಲೆ ಪಂಪ್ ಹಾಕಿ ಒಂದೊಂದೇ ನಲ್ಲಿ, ಶವರ್ ಕೂಡ, ಕ್ಲೋರಿನ್ ವಾಸನೆ ಬರುವ ತನಕ ಬಿಡಿ. ಜನ ಇದನ್ನೇ ಮರೆಯೋದು. ಟ್ಯಾಂಕ್ ಉಜ್ಜಿ ಏನು ಬಂತು, ಪೈಪಿನೊಳಗೆ ಲೋಳೆ ಹಾಗೇ ಇದ್ದರೆ? 4 ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವಷ್ಟು ಸಲ ತೊಳೆಯಿರಿ.

ಬ್ಲೀಚಿಂಗ್ ಪೌಡರ್ ಬೇಡ, ಅದರ ಸುಣ್ಣ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಆಸಿಡ್, ವಿನೆಗರ್ ಜೊತೆ ಬೆರೆಸಲೇಬೇಡಿ, ವಿಷದ ಗಾಳಿ ಏಳುತ್ತದೆ.

ಇನ್ನು ಬೋರ್ ನೀರು. ಕೊಪ್ಪಳ, ರಾಯಚೂರು ಕಡೆ ಎಷ್ಟೋ ಊರುಗಳಲ್ಲಿ ಹಲ್ಲು, ಮೂಳೆ ಹಾಳು ಮಾಡೋ ಫ್ಲೋರೈಡ್ ಜಾಸ್ತಿ. ಅದು ಕ್ಲೋರಿನ್ ಹಾಕಿದರೂ ಹೋಗಲ್ಲ, ಕಾಯಿಸಿದರೂ ಹೋಗಲ್ಲ. ಟ್ಯಾಂಕಿನದ್ದು ಸ್ನಾನಕ್ಕೆ, ಪಾತ್ರೆಗೆ ಇಟ್ಟುಕೊಳ್ಳಿ. ಕುಡಿಯೋಕೆ, ಅಡುಗೆಗೆ ಶುದ್ಧ ನೀರಿನ ಘಟಕದಲ್ಲಿ 20 ಲೀಟರ್ ಕ್ಯಾನ್ ಹಿಡಿದುಕೊಳ್ಳಿ. ಹಾಂ, ತುಂಬಿಸೋಕೆ ತೋಟದ ಹಸಿರು ಪೈಪ್ ಬೇಡ. ಬಿಸಿಲಿಗೆ ಕಾದರೆ ನೀರೆಲ್ಲ ಪ್ಲಾಸ್ಟಿಕ್ ವಾಸನೆ.