ಅಜಂತಾದ ಕತ್ತಲಲ್ಲಿ ನೋಡುವುದೇನು?

ಧಾರವಾಡದ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ. ಪ್ಯಾಕೇಜ್ ಟೂರಿನಲ್ಲಿ ಎಲ್ಲೋರಾ, ಅಜಂತಾ ಎರಡನ್ನೂ ಒಂದೇ ದಿನ ಮುಗಿಸಿದರಂತೆ. ಅಜಂತಾದಲ್ಲಿ ಕತ್ತಲು ಬಿಟ್ಟರೆ ಏನೂ ಕಾಣಲಿಲ್ಲ, ಫೋಟೊಗಳೆಲ್ಲ ಹಳದಿಯಾಗಿ ಬಂದವು. ‘ಇದಕ್ಕಾಗಿ ಅಷ್ಟು ದೂರ ಹೋಗಬೇಕಿತ್ತೇ?’ ಎಂದು ಕೇಳಿದ್ದಾರೆ.

ಹೋಗಲೇಬೇಕಿತ್ತು. ತಪ್ಪಿದ್ದು ನಿಮಗೆ ಹಾಕಿಕೊಟ್ಟ ದಿನಚರಿ. ಔರಂಗಾಬಾದಿನಿಂದ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಿಂದ, ಎಲ್ಲೋರಾ 30 ಕಿ.ಮೀ., ಅಜಂತಾ ಸುಮಾರು 100 ಕಿ.ಮೀ. ದಾರಿಯೂ ಬೇರೆ ಬೇರೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಅರ್ಧ ದಿನ ಬಸ್ಸಿನಲ್ಲೇ ಕಳೆಯುತ್ತದೆ. ಸಾಲದ್ದಕ್ಕೆ ಅಜಂತಾದಲ್ಲಿ ನಿಮ್ಮ ವಾಹನ ಗುಹೆಗಳಿಗೆ 4 ಕಿ.ಮೀ. ಹಿಂದೆಯೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ಬೇರೆ ಬಸ್ಸು, ಆಮೇಲೆ ಮೆಟ್ಟಿಲು.

ಕತ್ತಲಿನ ಮಾತಿಗೆ ಬರೋಣ. ಬಿಸಿಲಿನಿಂದ ಒಳಹೊಕ್ಕ ಕಣ್ಣು ಮಂದ ಬೆಳಕಿಗೆ ಪೂರ್ತಿ ಒಗ್ಗಲು 20 ನಿಮಿಷಕ್ಕೂ ಹೆಚ್ಚು ಬೇಕು. ಮೊದಲ ಐದಾರು ನಿಮಿಷದಲ್ಲೇ ಬಹಳಷ್ಟು ಸುಧಾರಿಸುತ್ತದೆ, ಆದರೆ ನಡುವೆ ಮೊಬೈಲ್ ಪರದೆ ನೋಡಿದಿರೋ, ಮತ್ತೆ ಮೊದಲಿನಿಂದ ಶುರು. 1ನೇ ಗುಹೆಯಲ್ಲಿ ಗರ್ಭಗುಡಿಯ ಎಡಕ್ಕಿರುವ ಬೋಧಿಸತ್ವ ಪದ್ಮಪಾಣಿಯ ಚಿತ್ರದ ಮುಂದೆ ಸುಮ್ಮನೆ ನಿಲ್ಲಿ. ಕೊರಳ ಮುತ್ತುಗಳ ಮೇಲಿನ ಬಿಳಿ ಮಿಂಚು ಮೊದಲು ಕಾಣುತ್ತದೆ, ಆಮೇಲೆ ಮೂಗಿನ ಏಣು, ಕೆಳಗೆ ಬಾಗಿದ ರೆಪ್ಪೆ, ಕೈಯಲ್ಲಿನ ನೈದಿಲೆ. ಕಣ್ಣು ಹೊಂದಿಕೊಂಡಷ್ಟೂ ಸುತ್ತಲಿನ ಜನ ಒಬ್ಬೊಬ್ಬರಾಗಿ ಗೋಡೆಯಿಂದ ಹೊರಬರುತ್ತಾರೆ.

ಬೆಳಕು ಹೆಚ್ಚು ಹಾಕಬಾರದೇ ಎಂದು ನಿಮಗನ್ನಿಸೀತು. ಇದು ಕಲ್ಲಿನ ಮೇಲೆ ನೇರವಾಗಿ ಬಳಿದ ಬಣ್ಣವಲ್ಲ. ಭತ್ತದ ಹೊಟ್ಟು, ನಾರು ಕಲಸಿದ ಮಣ್ಣಿನ ಗಿಲಾವು, ಅದರ ಮೇಲೆ ತೆಳು ಸುಣ್ಣ, ಅದು ಒಣಗಿದ ನಂತರ ಅಂಟು ಬೆರೆಸಿದ ಕಾವಿ, ಕಾಡಿಗೆ, ಹಸಿರುಮಣ್ಣು. ಬೆಳಕು ಹೆಚ್ಚಾದರೆ ಬಣ್ಣ ಮಾಸುತ್ತದೆ, ಜನಜಂಗುಳಿಯ ಉಸಿರಿನ ತೇವಕ್ಕೇ ಈ ಗಿಲಾವು ಸಡಿಲಾಗುತ್ತದೆ. ಅದಕ್ಕೇ ಫ್ಲಾಶ್ ಕೂಡದು, ಮುಖ್ಯ ಗುಹೆಗಳಿಗೆ ಜನರನ್ನು ತಂಡ ತಂಡವಾಗಿ ಬಿಡುತ್ತಾರೆ. ಹಳದಿಗೆ ನಿಮ್ಮ ಕ್ಯಾಮೆರಾವೊಂದನ್ನೇ ದೂರಬೇಡಿ. 1920ರ ದಶಕದ ಆರಂಭದಲ್ಲಿ ನಿಜಾಮರ ಸರ್ಕಾರ ಕರೆಸಿದ ಇಟಲಿಯ ತಜ್ಞರು ಚಿತ್ರ ಉಳಿಸಲೆಂದೇ ಅರಗಿನ ವಾರ್ನಿಷ್ ಬಳಿದರು, ವರ್ಷ ಕಳೆದಂತೆ ಅದೇ ಹಳದಿಗಟ್ಟಿ ಕಪ್ಪಾಯಿತು.

ಅದೇ ಗುಹೆಯಲ್ಲಿ ಪರ್ಷಿಯದ ರಾಯಭಾರಿಯನ್ನು ಬರಮಾಡಿಕೊಳ್ಳುತ್ತಿರುವ ಇಮ್ಮಡಿ ಪುಲಿಕೇಶಿಯನ್ನು ತೋರಿಸಿದರು ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಹೆಮ್ಮೆ ನಮಗೂ ಬೇಕಿತ್ತು, ಆದರೆ ಕಾಲ ಕೂಡಿಬರುವುದಿಲ್ಲ. ಆ ಗುಹೆ ವಾಕಾಟಕ ವಂಶದ ದೊರೆ ಹರಿಷೇಣನ ಕಾಲದ್ದು, 5ನೇ ಶತಮಾನದ ಕೊನೆಯ ಭಾಗ ಎಂದು ಇಂದಿನ ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಪುಲಿಕೇಶಿ 7ನೇ ಶತಮಾನದವನು.

ಕನ್ನಡಿಗರ ನಂಟು ಗಟ್ಟಿಯಾಗಿರುವುದು ಎಲ್ಲೋರಾದಲ್ಲಿ. 16ನೇ ಗುಹೆಯಾದ ಕೈಲಾಸ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು. ಹೋಗುವ ಮೊದಲು ಪಟ್ಟದಕಲ್ಲಿನ ವಿರೂಪಾಕ್ಷವನ್ನು ನೋಡಿಕೊಳ್ಳಿ. ಬಾಗಿಲು, ನಂದಿಮಂಟಪ, ಗುಡಿಯ ವಿನ್ಯಾಸ ಮನಸ್ಸಿನಲ್ಲಿದ್ದರೆ, ಅದೇ ಮಾದರಿಯನ್ನು ಬಂಡೆಯ ನೆತ್ತಿಯಿಂದ ಕೆಳಕ್ಕೆ ಕಡಿದವರ ಧೈರ್ಯ ಅಲ್ಲಿ ನಿಂತಾಗ ಮೈಗೆ ತಾಕುತ್ತದೆ. ಕಟ್ಟಡದಲ್ಲಿ ತಪ್ಪಿದ ಕಲ್ಲನ್ನು ತೆಗೆದು ಬೇರೆ ಇಡಬಹುದು, ಇಲ್ಲಿ ಹೆಚ್ಚು ಕಡಿದರೆ ಹೋಯಿತು. ಕೈಲಾಸ ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ಬೆಳಿಗ್ಗೆ ದೂರದ ಜೈನ ಗುಹೆಗಳಿಂದ (30ರಿಂದ 34) ಶುರುಮಾಡಿ, ಮಧ್ಯಾಹ್ನದ ಮೇಲೆ ಇಲ್ಲಿಗೆ ಬನ್ನಿ. ಪಕ್ಕದ ಗುಡ್ಡ ಹತ್ತಿ ಮೇಲಿನಿಂದಲೂ ನೋಡಿ.

ಯಾವಾಗ ಹೋಗಬೇಕೆಂದು ಕೇಳಿದ್ದೀರಿ. ಮಳೆಗಾಲದಲ್ಲಿ ಅಜಂತಾದ ವಾಘೋರಾ ಕಣಿವೆ ಹಸಿರು, ಜಲಪಾತವೂ ಇರುತ್ತದೆ, ಮೆಟ್ಟಿಲು ಮಾತ್ರ ಜಾರುತ್ತವೆ. ಏಪ್ರಿಲ್, ಮೇ ಬೇಡ. ಸೋಮವಾರ ಅಜಂತಾಕ್ಕೆ, ಮಂಗಳವಾರ ಎಲ್ಲೋರಾಕ್ಕೆ ರಜೆ. ಮಂಗಳವಾರ ರಾತ್ರಿ ಸಂಭಾಜಿನಗರ ತಲುಪುವಂತೆ ಟಿಕೆಟ್ ಮಾಡಿಸಿ, ಬುಧವಾರ, ಗುರುವಾರ ಒಂದೊಂದಕ್ಕೆ ಒಂದೊಂದು ಇಡೀ ದಿನ ಕೊಡಿ.