ಮೊದಲು ಗೋಡೆ ಕೇಳಿ, ಚೆಕ್ ಆಮೇಲೆ

ನಮಸ್ಕಾರ ಮೇಡಂ, ನೀವು ಬರೆದಿದ್ದನ್ನ ಎರಡು ಸಲ ಓದ್ದೆ. ಮೈಸೂರಿಂದ ಸಿಯಾಟಲ್ ಪಕ್ಕ ಬಾಥೆಲ್‌ಗೆ ಬಂದು ಮೂರು ತಿಂಗಳಾಯ್ತು, ಯಜಮಾನ್ರದ್ದು ಎಚ್-1 ಕೆಲಸದ ವೀಸಾ, ನಿಮ್ಮದು ಅವರ ಜೊತೆ ಬರೋ ಮನೆಯವರಿಗೆ ಕೊಡೋ ಎಚ್-4, ಹನ್ನೆರಡು ವರ್ಷ ಮೈಸೂರು ಶೈಲಿ ಚಿತ್ರ ಬರೆದ ಕೈ ಈಗ ಸುಮ್ನೆ ಕೂತಿದೆ, ಇಲ್ಲಿ ಅಂಗಡಿ ಹೋಟೆಲ್‌ನವ್ರು ನಮ್ಮಂಥ ಸಣ್ಣ ಕಲಾವಿದರಿಗೆ ಏನಾದ್ರೂ ಮಾಡ್ತಾರಾ, ಇಲ್ಲಾ ದುಡ್ಡೆಲ್ಲಾ ದೊಡ್ಡ ಮ್ಯೂಸಿಯಂಗಳಿಗೇ ಹೋಗುತ್ತಾ ಅಂತ ಕೇಳಿದ್ರಿ. ನಾನಿಲ್ಲಿಗೆ ಬಂದು ಹತ್ತೊಂಬತ್ತು ವರ್ಷ. ಚಿತ್ರ ಬರೆಯಕ್ಕೆ ನಂಗೆ ಬರಲ್ಲ, ಆದ್ರೆ ನಮ್ಮ ಕನ್ನಡ ನಾಟಕದ ಗುಂಪಿಗೆ ಇಷ್ಟು ವರ್ಷ ಅಂಗಡಿ ಅಂಗಡಿ ಸುತ್ತಿ ಕೇಳಿದ್ದೀನಿ, ಅದರಲ್ಲಿ ಗೊತ್ತಾಗಿದ್ದನ್ನ ಹೇಳ್ತೀನಿ.

ಎಲ್ಲಕ್ಕಿಂತ ಮೊದ್ಲು ವೀಸಾ. ಎಚ್-4 ಇದ್ದು ಈಎಡಿ, ಅಂದ್ರೆ ಕೆಲಸ ಮಾಡಕ್ಕೆ ಸರ್ಕಾರ ಕೊಡೋ ಅನುಮತಿ ಕಾರ್ಡ್, ಇಲ್ಲ ಅಂದ್ರೆ ಇಲ್ಲಿ ದುಡ್ಡಿಗೆ ಕೆಲಸ ಮಾಡೋ ಹಾಗಿಲ್ಲ, ಚಿತ್ರ ಮಾರೋದು, ಕ್ಲಾಸ್ ತಗೊಂಡು ಫೀಸ್ ಇಸ್ಕೊಳ್ಳೋದು ಎಲ್ಲಾ ಅದಕ್ಕೇ ಸೇರುತ್ತೆ, ಕ್ಯಾಶ್ ಆದ್ರೂ ಅಷ್ಟೇ, "ಎಲ್ಲರೂ ಮಾಡ್ತಾರೆ ಬಿಡಿ" ಅನ್ನೋರ ಮಾತು ಕೇಳ್ಬೇಡಿ. 2015ರಿಂದ ಕೆಲವು ಎಚ್-4ನವರಿಗೆ ಈಎಡಿ ಸಿಗ್ತಿದೆ, ಸಾಮಾನ್ಯವಾಗಿ ಯಜಮಾನ್ರ ಐ-140, ಅಂದ್ರೆ ಗ್ರೀನ್ ಕಾರ್ಡಿಗೆ ಅಂತ ಕಂಪನಿ ಹಾಕೋ ಅರ್ಜಿ, ಅಪ್ರೂವ್ ಆಗಿರ್ಬೇಕು. ಅದು ಬರೋವರೆಗೂ ಚಿತ್ರ ತೋರ್ಸೋದು ಬೇರೆ, ಮಾರೋದು ಬೇರೆ ಅಂತ ಇಟ್ಕೊಳ್ಳಿ, ಚಿತ್ರದ ಪಕ್ಕ ಇಡೋ ಕಾರ್ಡಿನ ಮೇಲೆ ಬೆಲೆ ಬದ್ಲು "ಮಾರಾಟಕ್ಕಿಲ್ಲ" ಅಂತ ಬರೀರಿ, ಒಂದ್ಸಲ ಇಮಿಗ್ರೇಷನ್ ವಕೀಲರನ್ನೂ ಕೇಳ್ಬಿಡಿ. ಹೆದರ್ಸೋಕೆ ಹೇಳ್ತಿಲ್ಲ, ಗೊತ್ತಿಲ್ದೆ ಒದ್ದಾಡಿದವರನ್ನ ಕಣ್ಣಾರೆ ನೋಡಿದ್ದೀನಿ.

ಈಗ ನಿಮ್ಮ ಪ್ರಶ್ನೆ. ಊರಲ್ಲಿ ನಮಗೆ ಗೊತ್ತಿರೋ ಸಪೋರ್ಟ್ ಅಂದ್ರೆ ಚಂದಾ. ಗಣಪತಿ ಪೆಂಡಾಲಿಗೆ ರಸೀದಿ ಪುಸ್ತಕ ಹಿಡ್ಕೊಂಡು ಹೋಗೋದು, ಸ್ಮರಣ ಸಂಚಿಕೆಯಲ್ಲಿ ಅರ್ಧ ಪುಟ "ಶುಭ ಕೋರುವವರು" ಅಂತ ಜವಳಿ ಅಂಗಡಿ ಹೆಸರು ಹಾಕ್ಸೋದು. ನಾನೂ ಇಲ್ಲಿಗೆ ಬಂದು ಹಾಗೇ ಕೇಳ್ತಾ ಹೋದೆ, ಎಲ್ಲಾ ಕಡೆ ನಗ್ತಾ ನಗ್ತಾನೇ ಇಲ್ಲ ಅಂದ್ರು. ಆಮೇಲೆ ಅರ್ಥ ಆಯ್ತು, ಸಣ್ಣ ಅಂಗಡಿಯವರ ಕೈಲಿ ಕೊಡಕ್ಕೆ ಕ್ಯಾಶ್ ಇರಲ್ಲ, ಆದ್ರೆ ಗೋಡೆ ಇರುತ್ತೆ, ಕಿಟಕಿ ಇರುತ್ತೆ, ಸೋಮವಾರ ಖಾಲಿ ಬಿದ್ದಿರೋ ಹಿಂದಿನ ರೂಮ್ ಇರುತ್ತೆ, ಪ್ರಿಂಟರ್ ಇರುತ್ತೆ. ಅದನ್ನ ಕೇಳಿದ್ರೆ ಹತ್ರಲ್ಲಿ ನಾಲ್ಕು ಜನ ಹೂಂ ಅಂತಾರೆ.

ಸಿಯಾಟಲ್‌ನಲ್ಲಿ ಅದಕ್ಕೆ ಒಂದು ಚರಿತ್ರೆನೂ ಇದೆ. ಡೌನ್‌ಟೌನ್‌ನ ಪಯನಿಯರ್ ಸ್ಕ್ವೇರ್‌ಗೆ ತಿಂಗಳ ಮೊದಲನೇ ಗುರುವಾರ ಸಂಜೆ ಹೋಗಿ, ಗ್ಯಾಲರಿಗಳೆಲ್ಲಾ ರಾತ್ರಿವರೆಗೂ ತೆಗ್ದಿರ್ತಾವೆ, ಒಳಗೆ ಹೋಗೋದು ಫ್ರೀ. 1981ರಲ್ಲಿ ಅಲ್ಲಿನ ಗ್ಯಾಲರಿಯವ್ರೇ ಸೇರಿ ಶುರು ಮಾಡಿದ್ದು. ಅದನ್ನ ನೋಡಿ ಈಗ ಕ್ಯಾಪಿಟಲ್ ಹಿಲ್, ಜಾರ್ಜ್‌ಟೌನ್ ಅಂತ ಒಂದೊಂದು ಏರಿಯಾದವ್ರೂ ತಿಂಗಳಿಗೊಂದು ಸಂಜೆ ಇಟ್ಕೊಂಡಿದ್ದಾರೆ. ನಮ್ಮ ಬೆಂಗಳೂರಿನ ಕುಮಾರಕೃಪಾ ರಸ್ತೆ ಚಿತ್ರಸಂತೆ ವರ್ಷಕ್ಕೊಂದಿನ ಊರಿಗೆ ಊರೇ ಬರುತ್ತಲ್ಲ, ಅದರ ಸಡಗರ ಇಲ್ಲಿಲ್ಲ, ಆದ್ರೆ ಇದು ಪ್ರತಿ ತಿಂಗಳು ಇದೆ, ಮಳೆ ಬಂದ್ರೂ ಇದೆ, ಇಲ್ಲಿ ಮಳೆ ಬರ್ದೇ ಇರೋ ತಿಂಗಳೇ ಕಮ್ಮಿ. ಇನ್ನೊಂದು, 2008ರ ಆರ್ಥಿಕ ಹೊಡೆತದಲ್ಲಿ ಸುಮಾರು ಅಂಗಡಿ ಮುಚ್ಚಿ ಬೀದಿಗಳೆಲ್ಲಾ ಬಿಕೋ ಅಂತಿದ್ವು, ಆಗ ಶನ್‌ಪೈಕ್ ಅನ್ನೋ ಸಂಸ್ಥೆ 2010ರಲ್ಲಿ ಬಿಲ್ಡಿಂಗ್ ಓನರ್‌ಗಳನ್ನ ಒಪ್ಪಿಸಿ ಖಾಲಿ ಅಂಗಡಿಗಳನ್ನ, ಅವುಗಳ ಕಿಟಕಿಗಳನ್ನ ಕಲಾವಿದರಿಗೆ ಬಿಟ್ಕೊಡೋ ಹಾಗೆ ಮಾಡ್ತು, ಸ್ಟೋರ್‌ಫ್ರಂಟ್ಸ್ ಅಂತ ಅದರ ಹೆಸರು. ಓನರ್‌ಗೆ ಅಂಗಡಿ ಪಾಳು ಕಾಣಲ್ಲ, ಕಲಾವಿದರಿಗೆ ಬೀದೀಲಿ ಹೋಗೋ ಜನವೇ ಪ್ರೇಕ್ಷಕರು. ಬಾಡಿಗೆ ಬರೋವರೆಗೂ ಒಂದು ಅಂಗಡಿ ಸುಮ್ನೆ ಬೀಗ ಹಾಕ್ಕೊಂಡಿರ್ಬೇಕು ಅಂತೇನಿಲ್ಲವಲ್ಲ, ನಮ್ಮೂರಲ್ಲೂ ಇದು ಯಾಕಾಗ್ಬಾರ್ದು ಅಂತ ನಂಗೆ ಬಹಳ ಸಲ ಅನ್ಸಿದೆ.

ಒಂದು ಕಾಫಿ ಅಂಗಡಿ ಕತೆ ಹೇಳ್ತೀನಿ. ಆರು ವರ್ಷದ ಹಿಂದೆ ನಮ್ಮ ಸ್ನೇಹಿತರೊಬ್ಬರು, ಅವ್ರೂ ನಿಮ್ಮ ಹಾಗೇ ಗೆಸ್ಸೋ ಅನ್ನೋ ಉಬ್ಬು ಲೇಪ ಹಾಕಿ ಚಿನ್ನದ ರೇಕು ಕೂರ್ಸಿ ಬರೆಯೋವ್ರು, ಕೇಳಕ್ಕೆ ಸಂಕೋಚ ಅಂತ ನನ್ನ ಜೊತೆಗೆ ಕರ್ಕೊಂಡು ಹೋದ್ರು. ಬೆಳಗ್ಗೆ ರಶ್ ಮುಗಿದ್ಮೇಲೆ, ಎರಡೂವರೆ ಮೂರು ಗಂಟೆ ಹೊತ್ಗೆ ಹೋದ್ವಿ. ಗೋಡೆ ಮೇಲೆ ಉದ್ದಕ್ಕೂ ಒಂದು ಕಂಬಿ, ಅದರಿಂದ ತಂತಿ ಇಳಿಬಿಟ್ಟಿದ್ರು, ತಿಂಗಳಿಗೊಬ್ಬ ಕಲಾವಿದರು, ಅಂಗಡಿಗೆ ಕಮಿಷನ್ ಇಲ್ಲ, ತಗೊಳ್ಳೋರು ನೇರ ಕಲಾವಿದರಿಗೇ ಕೊಡೋದು. ಚಿತ್ರ ತೂಗುಹಾಕೋ ದಿನ ಓನರಮ್ಮ ತಾನೇ ಮಟ್ಟಗೋಲು ತಂದು ನಿಂತ್ಕೊಂಡ್ಳು. ಸರಸ್ವತಿ ಚಿತ್ರ ಎಸ್‌ಪ್ರೆಸೊ ಮಷೀನ್ ಪಕ್ಕ ಬಂದಿತ್ತು, ಆಕೆ ಹತ್ರ ಬಂದು ಚಿನ್ನ ನೋಡಿ, ಇದಕ್ಕೆ ಹಬೆ ತಾಗಿದ್ರೆ ಏನಾಗುತ್ತೆ ಅಂತ ಕೇಳಿದ್ಳು, ಒಳ್ಳೇದಲ್ಲ ಅಂದಿದ್ದಕ್ಕೆ ಆ ಸಾಲನ್ನೇ ಬಿಚ್ಚಿ ಕಿಟಕಿ ಕಡೆ ಹಾಕ್ಸಿದ್ಳು, ಆಮೇಲೆ ಕಿಟಕಿ ಬಿಸಿಲು ಬೀಳುತ್ತೆ ಅಂತ ಮತ್ತೆ ಒಳಗಿನ ಗೋಡೆಗೆ. ವೀಣೆ, ಹಂಸ, ಸರಸ್ವತಿ ಅನ್ನೋದನ್ನ ಹೇಗೆ ಹೇಳ್ಬೇಕು ಅಂತ ಬರ್ಸ್ಕೊಂಡು ಕೌಂಟರ್ ಹುಡುಗರಿಗೂ ಹೇಳ್ಕೊಟ್ಳು, ಯಾಕಂದ್ರೆ ಬಂದೋರು ಕೇಳ್ತಾರೆ, ಗೊತ್ತಿಲ್ಲ ಅಂದ್ರೆ ಬರೆದವರಿಗೆ ಅವಮಾನ ಅಂತ. ಆ ತಿಂಗಳು ಒಂದೂ ಮಾರಾಟ ಆಗ್ಲಿಲ್ಲ. ಮುಂದಿನ ವರ್ಷ ಆಕೇನೇ ಫೋನ್ ಮಾಡಿ ಮತ್ತೆ ತನ್ನಿ ಅಂದ್ಳು. ನಾನು ಸಪೋರ್ಟ್ ಅನ್ನೋದು ಇದಕ್ಕೆ.

ದುಡ್ಡಿನ ದಾರಿನೂ ಇದೆ, ಅದು ಆಫೀಸುಗಳ ಮೂಲಕ. ಮೈಕ್ರೋಸಾಫ್ಟ್‌ನಲ್ಲಿ ನೌಕರರು ನೋಂದಾಯಿತ ಸಂಸ್ಥೆಗೆ ಕೊಟ್ಟಷ್ಟೇ ದುಡ್ಡನ್ನ ಕಂಪನಿನೂ ಕೊಡುತ್ತೆ, ವರ್ಷಕ್ಕೆ ಒಬ್ಬರಿಗೆ 15,000 ಡಾಲರ್‌ವರೆಗೆ, ವಾಲಂಟಿಯರ್ ಮಾಡಿದ್ರೆ ಆ ಸಂಸ್ಥೆಗೆ ಗಂಟೆಗೆ 25 ಡಾಲರ್. ನಮ್ಮ ಒಂದು ನಾಟಕಕ್ಕೆ ಅಲ್ಲಿನ ಎಂಟು ಜನ ಸೆಟ್ಟು, ಸೌಂಡು, ಟಿಕೆಟ್ ಕೌಂಟರ್ ಅಂತ ತಲಾ ಹದಿನೈದು ಗಂಟೆ ದುಡಿದ್ರು, ಲೆಕ್ಕ ಹಾಕಿ, 3,000 ಡಾಲರ್, ಹಾಲ್ ಬಾಡಿಗೆ ಬಹುಪಾಲು ಅದ್ರಲ್ಲೇ ಹೋಯ್ತು. ಆದ್ರೆ ಸಂಸ್ಥೆ 501 ಸಿ 3, ಅಂದ್ರೆ ಟ್ಯಾಕ್ಸ್ ವಿನಾಯಿತಿ ಇರೋ ಲಾಭರಹಿತ ಸಂಸ್ಥೆ, ಆಗಿರ್ಬೇಕು, ನಿಮ್ಮೊಬ್ಬರ ಹೆಸರಿಗೆ ಬರಲ್ಲ, ಅದಕ್ಕೇ ಯಾವುದಾದ್ರೂ ಸಂಘದ ಜೊತೆ ಸೇರ್ಕೊಳ್ಳಿ ಅನ್ನೋದು. ಯಜಮಾನ್ರ ಕಂಪನೀಲೂ ಇಂಥದ್ದಿದ್ಯಾ ಕೇಳಿ, ಸುಮಾರು ಜನ ವರ್ಷಗಟ್ಲೆ ಇದ್ದೂ ಇದನ್ನ ಉಪಯೋಗಿಸ್ದೇ ಬಿಟ್ಟಿರ್ತಾರೆ.

ನಮ್ಮವರ ಅಂಗಡಿಗಳ ಬಗ್ಗೆನೂ ಹೇಳ್ಬೇಕು, ಇದು ನಂಗೆ ನೋವಿನ ವಿಷಯ. ಒಂದು ದೀಪಾವಳಿಗೆ ಇಲ್ಲಿನ ಒಂದು ಇಂಡಿಯನ್ ಹೋಟೆಲ್‌ನಲ್ಲಿ ಸಂಗೀತ ಇಡ್ತೀವಿ ಅಂದ್ರು, ಇಬ್ರು ಹಾಡೋವ್ರು, ಒಬ್ರು ಮೃದಂಗ, ನಾನೇ ಒಪ್ಪಿಸಿ ಕರ್ಕೊಂಡು ಹೋಗಿದ್ದೆ. ಎರಡು ಗಂಟೆ ಹಾಡಿದ್ರು, ಹಿಂದೆ ಅಡುಗೆಮನೆ ಮಿಕ್ಸಿ ಸದ್ದು, ಮುಂದೆ ಪ್ಲೇಟಿನ ಸದ್ದು, ಟೇಬಲ್ ಎಲ್ಲಾ ಫುಲ್, ಕೊನೇಲಿ ಕೈಗೆ ಬಂದಿದ್ದು ಮೂರು ಬಫೆ ಕೂಪನ್. ಮೃದಂಗದವ್ರು ನಲವತ್ತು ಮೈಲಿ ಡ್ರೈವ್ ಮಾಡ್ಕೊಂಡು ಬಂದಿದ್ರು. ಹೆಸರು ಬರುತ್ತೆ, ನಾಲ್ಕು ಜನ ನೋಡ್ತಾರೆ ಅಂತ ಹೇಳಿ ಕಲಾವಿದರನ್ನ ದುಡಿಸ್ಕೊಳ್ಳೋದು ಸಪೋರ್ಟ್ ಅಲ್ಲ. ಅವತ್ತಿಂದ ಎಷ್ಟು ಕೊಡ್ತೀರಿ ಅಂತ ಮೊದ್ಲೇ ಈಮೇಲ್‌ನಲ್ಲಿ ಬರ್ಸ್ಕೊಳ್ದೆ ನಾನು ಯಾರನ್ನೂ ಕಳ್ಸಿಲ್ಲ. ಹಾಗಂತ ಎಲ್ಲರೂ ಹಾಗಲ್ಲ. ಊರಿಂದ ಯಕ್ಷಗಾನದ ತಂಡ ಬಂದಾಗ ಒಬ್ರು ಕಿರಾಣಿ ಅಂಗಡಿಯವ್ರು ಹತ್ತು ಜನಕ್ಕೆ ನಾಲ್ಕು ದಿನ ಊಟ ಕಳ್ಸಿದ್ರು, ಬೆಳಗ್ಗೆ ನೀರ್‌ದೋಸೆಯಿಂದ ಹಿಡಿದು, ಬೋರ್ಡಲ್ಲಿ ಅಂಗಡಿ ಹೆಸರು ಹಾಕ್ಲಾ ಅಂದ್ರೆ ಬೇಡ ಮಾರಾಯ್ರೇ, ನಾನು ಕುಂದಾಪುರದವ್ನು, ಇದು ನಂದೊಂದು ಹರಕೆ ಆಟ ಅಂತ ತಿಳ್ಕೊಳ್ಳಿ ಅಂದ್ರು.

ಇನ್ನೊಂದು ಮಾತು, ಸ್ವಲ್ಪ ಪರಿಚಯ ಆಗ್ತಿದ್ದ ಹಾಗೇ ಫಂಡ್‌ರೈಸರ್ ಹರಾಜಿಗೆ ಒಂದು ಚಿತ್ರ ಕೊಡಿ ಅಂತ ಕೇಳ್ತಾರೆ, ಟ್ಯಾಕ್ಸಲ್ಲಿ ಕಳೀಬಹುದು ಅಂತಾನೂ ಹೇಳ್ತಾರೆ. ನೀವೇ ಬರೆದ ಚಿತ್ರಕ್ಕೆ ಇಲ್ಲಿನ ಕಾನೂನಲ್ಲಿ ಕಳಿಯಕ್ಕೆ ಬರೋದು ಬಣ್ಣ, ಬೋರ್ಡು, ಚಿನ್ನದ ರೇಕಿನ ಖರ್ಚು ಮಾತ್ರ, ಹರಾಜಲ್ಲಿ ಸಾವಿರ ಡಾಲರ್‌ಗೆ ಹೋದ್ರೂ ಅಷ್ಟೇ. ಮನಸ್ಸಿದ್ರೆ ಖಂಡಿತ ಕೊಡಿ, ಟ್ಯಾಕ್ಸ್ ಆಸೆಗೆ ಬೇಡ.

ಕೇಳಕ್ಕೆ ಹೋದಾಗ ಸಪೋರ್ಟ್ ಮಾಡಿ ಅಂತ ಸುಮ್ನೆ ಹೇಳ್ಬೇಡಿ, ಈ ಗೋಡೆ, ಮಾರ್ಚ್ ತಿಂಗಳು, ಎಂಟು ಚಿತ್ರ, ನಾನೇ ಹಾಕಿ ನಾನೇ ತೆಗೀತೀನಿ ಅಂತ ಹೇಳಿ. ಮುಗಿದ್ಮೇಲೆ ಕೈಬರಹದ ಒಂದು ಥ್ಯಾಂಕ್ಯೂ ಕಾರ್ಡ್ ಕೊಡಿ, ಕಾಫಿಗೂ ಹೋಗ್ತಾ ಇರಿ.

ಡಿಸೆಂಬರ್‌ನಲ್ಲಿ ಇಲ್ಲಿ ನಾಲ್ಕೂವರೆಗೆಲ್ಲಾ ಕತ್ತಲೆ, ಮನೇಲೇ ಕೂತ್ರೆ ಮನಸ್ಸು ಕುಗ್ಗುತ್ತೆ, ಅದಕ್ಕೇ ಈಗ್ಲೇ ಹೊರಡೋಣ. ಆ ಕಾಫಿ ಅಂಗಡಿ ನಿಮ್ಮ ಮನೆಯಿಂದ ಇಪ್ಪತ್ತು ನಿಮಿಷ, ಬರೋ ಮಂಗಳವಾರ ಮೂರು ಗಂಟೆಗೆ ನಾನೇ ಬರ್ತೀನಿ. ಎರಡು ಸಣ್ಣ ಚಿತ್ರ ತನ್ನಿ, ಹಿಂದೆ ಎರಡೂ ಕಡೆ ಡಿ-ರಿಂಗ್ ಅನ್ನೋ ಲೋಹದ ಕೊಂಡಿ ಹಾಕಿ ತಂತಿ ಕಟ್ಟಿರಿ, ದಾರ ಆದ್ರೆ ಆಕೆ ಒಪ್ಪಲ್ಲ.