ಮೊದಲು ಅಳೆಯಿರಿ, ಆಮೇಲೆ ಚೈನ್ ಹಾಕಿ

ಪ್ರಶ್ನೆ: ತಂದೆಯವರು ಓಡಿಸುತ್ತಿದ್ದ 1967ರ ಟಾಟಾ ಮರ್ಸಿಡಿಸ್ ಲಾರಿಯನ್ನು ಮತ್ತೆ ಸಿದ್ಧ ಮಾಡಿಸುತ್ತಿದ್ದೇವೆ. ಮುಂದೆ ಎಡಗಡೆ ತಗ್ಗಾಗಿ ನಿಲ್ಲುತ್ತದೆ. ಚಾಸಿ (ಲಾರಿಯ ಅಡಿಯ ಉಕ್ಕಿನ ಚೌಕಟ್ಟು) ತಿರುಚಿದೆ, ಗ್ಯಾಸಲ್ಲಿ ಕಾಯಿಸಿ ಒಂದೇ ದಿನಕ್ಕೆ ನೆಟ್ಟಗೆ ಮಾಡುತ್ತೇನೆ ಅನ್ನುತ್ತಾರೆ ವೆಲ್ಡಿಂಗ್ ಮೇಸ್ತ್ರಿ. ಮಾಡಿಸಬಹುದೇ? – ಹೊಸಪೇಟೆಯ ಓದುಗರು

ಉತ್ತರ: ಬೇಡ. ಊರು ಬೇರೆ, ಲಾರಿ ಬೇರೆ, ಪ್ರಶ್ನೆ ಮಾತ್ರ ಇದೇ. ಆ ಮೇಸ್ತ್ರಿ ಟೇಪು ಹಿಡಿದು ಅಳೆದರೇ? ಅಳೆದಿದ್ದರೆ ಎಷ್ಟು ತಿರುಚಿದೆ ಎಂದು ನಿಮ್ಮ ಪತ್ರದಲ್ಲಿ ಇರುತ್ತಿತ್ತು.

ಸ್ಪ್ರಿಂಗಿನ ಒಂದು ಪಟ್ಟಿ ಮುರಿದರೂ ಲಾರಿ ಹಾಗೇ ತಗ್ಗುತ್ತದೆ. ಆದ್ದರಿಂದ ಬಾಡಿ, ಕ್ಯಾಬಿನ್, ಎಂಜಿನ್ ಎಲ್ಲ ಇಳಿಸಿ, ಬರೀ ಚಾಸಿಯನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂರಿಸಿ. ಗಾರೆಯವರು ಬಳಸುವ ನೀರಿನ ಲೆವೆಲ್ ಪೈಪು ತಂದು ನಾಲ್ಕೂ ಸ್ಟ್ಯಾಂಡುಗಳ ತಲೆ ಒಂದೇ ಮಟ್ಟಕ್ಕೆ ತನ್ನಿ. ಮೂರರ ಮೇಲೆ ಕೂತು ನಾಲ್ಕನೆಯದರ ಮೇಲೆ ಸಂದು ಬಿಟ್ಟರೆ ಅದು ತಿರುಚು. ಮೂರು ಮಿಲಿಮೀಟರಿನ ಒಳಗಿದ್ದರೆ ನಾನು ಮುಟ್ಟುವುದೇ ಇಲ್ಲ. ಆಮೇಲೆ ತೂಗುಗುಂಡು ಬಿಟ್ಟು ನಾಲ್ಕು ಮೂಲೆಗಳನ್ನು ನೆಲಕ್ಕೆ ಸೀಮೆಸುಣ್ಣದಲ್ಲಿ ಇಳಿಸಿ, ಓರೆಯಾಗಿ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಅಳತೆ ಬೇರೆ ಬಂದರೆ ಚಾಸಿಯ ಉದ್ದಕ್ಕೂ ಇರುವ ಎರಡು ಉಕ್ಕಿನ ತೊಲೆಗಳಲ್ಲಿ, ಅಂದರೆ ಚಾನೆಲ್ಲುಗಳಲ್ಲಿ, ಒಂದು ಹಿಂದಕ್ಕೆ ಸರಿದಿದೆ. ಎರಡು ದೋಷವೂ ಇದ್ದರೆ ತಿರುಚನ್ನು ಮೊದಲು ತೆಗೆಯಬೇಕು.

ಎಳೆಯುವ ಮುನ್ನ ಅಡ್ಡ ಚಾನೆಲ್‌ಗಳ ರಿವಿಟ್ (ತಲೆ ಬಡಿದು ಕೂರಿಸಿದ ಮೊಳೆ) ನೋಡಿ. ರಿವಿಟ್ ತಲೆಯ ಸುತ್ತ ಬಣ್ಣ ಬಿರಿದು ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ ಅದು ಸಡಿಲವಾಗಿದೆ. ನೆಟ್ಟಗಾದ ಮೇಲೆ ಅದನ್ನು ಕೊರೆದು ತೆಗೆದು, ರಂಧ್ರಕ್ಕೆ ಬಿಗಿಯಾಗಿ ಕೂರುವ ಹೈ ಟೆನ್ಸೈಲ್ (ಹೆಚ್ಚು ಎಳೆತ ತಡೆಯುವ) ಬೋಲ್ಟ್ ಹಾಕಬೇಕು. ಹಾಗೇ ಬಿಟ್ಟರೆ ಚಾಸಿ ಮತ್ತೆ ತಿರುಚುತ್ತದೆ.

ಎಳೆತ ತಣ್ಣಗೇ ಆಗಬೇಕು. ಎತ್ತರವಾದ ಎರಡು ಓರೆ ಎದುರಿನ ಮೂಲೆಗಳನ್ನು ನೆಲದ ಕೊಂಡಿಗೆ ಚೈನ್ ಹಾಕಿ ಇಳಿಸಿ, ತಗ್ಗಾದ ಎರಡಕ್ಕೆ ಜಾಕಿ ಕೊಡಿ. ಉಕ್ಕು ಸ್ವಲ್ಪ ಹಿಂದಕ್ಕೆ ಬರುವುದರಿಂದ ಬೇಕಾದ್ದಕ್ಕಿಂತ ತುಸು ಹೆಚ್ಚೇ ಎಳೆದು, ಬಿಟ್ಟು, ಅಳೆದು, ಮತ್ತೆ ಎಳೆಯಬೇಕು. ಇದಕ್ಕೆ ದಿನಗಳೇ ಹಿಡಿಯುತ್ತವೆ. ಗ್ಯಾಸಲ್ಲಿ ಕೆಂಪಗೆ ಕಾಯಿಸಿ ನೀರು ಹೊಯ್ದ ಚಾಸಿಯೊಂದು ನನ್ನ ಬಳಿ ಬಂದಿತ್ತು. ಕಾಯಿಸಿದ ಜಾಗದ ಅಂಚಿನಲ್ಲೇ ಕೂದಲೆಳೆಯ ಬಿರುಕು, ಬೆರಳುಗುರಿಗೆ ಸಿಗುವಷ್ಟು. ಲೋಡ್ ಹೊತ್ತು ಘಾಟಿ ಇಳಿಯುವಾಗ ಅದು ತುಂಡಾಗಿದ್ದರೆ ಗತಿ ಏನು? ಗಟ್ಟಿಗೊಳಿಸಿದ ಉಕ್ಕಿಗೆ ಬೆಂಕಿ ತಾಗಿದರೆ ಅದರ ಬಲವೇ ಹೋಗುತ್ತದೆ.

ಎತ್ತರವಾದ ಮೂಲೆಗೆ ಮರಳಿನ ಮೂಟೆ ಹೇರಿ ತಿಂಗಳು ಬಿಟ್ಟರೆ ಸರಿಹೋಗುತ್ತದಂತೆ? ಇಲ್ಲ, ಮೂಟೆ ತೆಗೆದ ಕೂಡಲೇ ಮೊದಲಿನಂತೆ ಆಗುತ್ತದೆ.

ಚಾನೆಲ್‌ಗೆ ಪ್ಲೇಟು ವೆಲ್ಡ್ ಮಾಡಿ ಡಬ್ಬಿಯಂತೆ ಮುಚ್ಚಿಸಲೇ? ಲಾರಿಯ ಚಾಸಿ ಅಷ್ಟಿಷ್ಟು ಬಳುಕಲೇಬೇಕು. ಮುಚ್ಚಿಸಿದರೆ ಪ್ಲೇಟು ಮುಗಿಯುವಲ್ಲಿ ಸೀಳುತ್ತದೆ.

ಹಳೇ ಲಾರಿಗೆ ವಿಂಟೇಜ್ ನೋಂದಣಿ ಸಿಗುತ್ತದೆಯೇ? 2021ರ ನಿಯಮ ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ. ಸರಕು ಲಾರಿಗೆ ಇಲ್ಲ.

ಚೈನ್ ಎಳೆಯುವಾಗ ಪಕ್ಕದಲ್ಲಿ ನಿಂತು ನೋಡಬಹುದೇ? ಖಂಡಿತ ಬೇಡ. ಕೊಕ್ಕೆ ಕಳಚಿ ಶೆಡ್ಡಿನ ತಗಡು ತೂರಿ ಹೋದದ್ದನ್ನು ಕಣ್ಣಾರೆ ಕಂಡವನು ನಾನು. ಅಂದಿನಿಂದ ಚೈನಿನ ಮೇಲೆ ಒದ್ದೆ ಗೋಣಿಚೀಲ ಹೊದಿಸದೆ ಜಾಕಿ ಮುಟ್ಟುವುದಿಲ್ಲ, ಚೈನಿನ ನೇರಕ್ಕೆ ಲಾರಿಯ ಮಾಲೀಕರನ್ನೂ ನಿಲ್ಲಗೊಡುವುದಿಲ್ಲ.